ನೆಲದೊಳಗಿನ ಗೋಡೆ ಮತ್ತು ಪಾಯದ ಸುತ್ತ ಬಸಿಗಾಲುವೆ: ಅಂತರ್ಜಲಕ್ಕೆ ದಾರಿ ಮಾಡಿಕೊಡುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಹೊರವಲಯದಲ್ಲಿರುವ ನಮ್ಮ ತಂದೆಯವರ ಮನೆಯಲ್ಲಿ ಮೆಕ್ಕೆಜೋಳದ ಚೀಲಗಳನ್ನು ಪೇರಿಸಲೆಂದು ಎಂಟು ಅಡಿ ಆಳದ ನೆಲಮಾಳಿಗೆಯೊಂದನ್ನು ಕಟ್ಟಿಸಿದ್ದೆವು. ಮೂರನೆಯ ವರ್ಷದಿಂದ ಅದರ ಉತ್ತರದ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಗಾರೆ ಉಬ್ಬಿ, ಬಿಳಿಯ ಉಪ್ಪು ಕಟ್ಟಿ, ಬೆರಳಿನಿಂದ ಒತ್ತಿದರೆ ಹಿಟ್ಟಿನಂತೆ ಉದುರತೊಡಗಿತು. ಒಳಗಿನಿಂದ ಎರಡು ಸಲ ಗಾರೆ ಕೆತ್ತಿಸಿ, ಜಲನಿರೋಧಕ ಪುಡಿ ಬೆರೆಸಿ ಹೊಸ ಗಾರೆ ಮಾಡಿಸಿದೆವು. ಎರಡು ಸಲವೂ ಅದು ಒಂದು ವರ್ಷ ತಡೆಯಲಿಲ್ಲ. ಒದ್ದೆಯಾದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಆರಂಭಿಸಿದ ಮೇಲಷ್ಟೇ ಕಾರಣ ತಿಳಿಯಿತು. ಮಳೆಯೇ ಇಲ್ಲದ ಫೆಬ್ರುವರಿಯಲ್ಲಿ, ಬೇಸಿಗೆ ಭತ್ತಕ್ಕೆಂದು ಭದ್ರಾ ನಾಲೆಗೆ ನೀರು ಬಿಟ್ಟ ಎರಡು ವಾರಕ್ಕೆ ಸರಿಯಾಗಿ ಗೋಡೆ ಒದ್ದೆಯಾಗುತ್ತಿತ್ತು, ನಾಲೆ ನಿಂತ ಮೇಲೆ ನಿಧಾನವಾಗಿ ಆರುತ್ತಿತ್ತು. ಪಕ್ಕದ ಗದ್ದೆಗಳಲ್ಲಿ ನಿಂತ ನೀರು ಮಣ್ಣಿನೊಳಗಿಂದ ಹರಿದು ಬಂದು ನಮ್ಮ ಗೋಡೆಗೆ ಒತ್ತಿ ನಿಲ್ಲುತ್ತಿದ್ದರೆ, ಒಳಗಡೆ ಎಷ್ಟು ಗಾರೆ ಬಳಿದರೂ ಪ್ರಯೋಜನವಿರಲಿಲ್ಲ.

ಈ ಬರಹದ ಉದ್ದಕ್ಕೂ ನಾನು ಹೇಳುವುದು ಒಂದೇ ಮಾತಿಗೆ ಅಂಟಿಕೊಂಡಿದೆ. ಗೋಡೆಯ ಹಿಂದೆ ನಿಂತ ನೀರನ್ನು ಒಳಗಿನಿಂದ ಅಡ್ಡಗಟ್ಟುವ ಪ್ರಯತ್ನಕ್ಕೆ ಹಣ ಹಾಕುವ ಮುನ್ನ, ಅದು ಗೋಡೆಯ ಹತ್ತಿರ ನಿಲ್ಲದಂತೆ ಕೆಳಗೆ ಬಸಿದು ಹೋಗಲು ಒಂದು ದಾರಿ ಮಾಡಿಕೊಡಬೇಕು. ಪಾಯದ ಬುಡದಲ್ಲಿ ಜಲ್ಲಿಯ ನಡುವೆ ಹೂತ ತೂತಿನ ಪೈಪಿನ ಆ ದಾರಿಯನ್ನೇ ಇಲ್ಲಿ ಬಸಿಗಾಲುವೆ ಎನ್ನುತ್ತೇನೆ.

ನೀರು ಗೋಡೆಗೆ ಮಾಡುವುದೇನು

ಎಂಟು ಅಡಿ, ಅಂದರೆ ಸುಮಾರು 2.4 ಮೀಟರ್ ಎತ್ತರದ ಗೋಡೆಯ ಹಿಂದೆ ಒಣ ಗರಸು ಮಣ್ಣು ಮಾತ್ರ ಇದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಅದು ಹಾಕುವ ಅಡ್ಡಒತ್ತಡ ಸುಮಾರು 1,700 ಕೆ.ಜಿ.ಯಷ್ಟು ಇರುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ತುಂಬಿಕೊಂಡರೆ ನೀರೊಂದೇ 2,880 ಕೆ.ಜಿ. ಒತ್ತುತ್ತದೆ, ಅದರಲ್ಲಿ ಮುಳುಗಿದ ಮಣ್ಣಿನದ್ದೂ ಸೇರಿ ಒಟ್ಟು ಒತ್ತಡ 3,800 ಕೆ.ಜಿ. ದಾಟುತ್ತದೆ. ಮಣ್ಣಿನ ಭಾರಕ್ಕೆಂದು ಮಾತ್ರ ಲೆಕ್ಕ ಹಾಕಿ ಕಟ್ಟಿದ ಗೋಡೆ ನಡುವಿನಲ್ಲಿ ಉಬ್ಬುವುದು, ಅಡ್ಡವಾಗಿ ಬಿರುಕು ಬಿಡುವುದು ಈ ಕಾರಣದಿಂದ. ನೆಲದ ಕೆಳಗೂ ಇದೇ ಸಂಗತಿ. ನಾಲ್ಕು ಅಂಗುಲದ ಬೆಡ್ ಕಾಂಕ್ರೀಟಿನ ತೂಕ ಚದರ ಮೀಟರಿಗೆ ಸುಮಾರು 240 ಕೆ.ಜಿ.; ಅದರ ಅಡಿಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಹೊರಗಡೆ ನೀರು ನಿಂತರೆ ಸಾಕು, ಕೆಳಗಿನಿಂದ ಚದರ ಮೀಟರಿಗೆ 300 ಕೆ.ಜಿ. ಮೇಲಕ್ಕೆ ತಳ್ಳುತ್ತದೆ. ಅಂತಹ ನೆಲ ಎದ್ದು ಬಿರಿಯುವುದಕ್ಕೆ ಮೇಸ್ತ್ರಿಯ ಕೈಕೆಲಸವನ್ನು ದೂರಿ ಫಲವಿಲ್ಲ.

ಮೊದಲ ಹೆಜ್ಜೆ: ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದು

ಈ ಹೆಜ್ಜೆಗೆ ಹಣ ಬೇಕಿಲ್ಲ, ತಾಳ್ಮೆ ಬೇಕು. ಆದ್ದರಿಂದಲೇ ಬಹುತೇಕರು ಇದನ್ನು ಬಿಟ್ಟು ನೇರವಾಗಿ ಅಗೆಯಲು ಹೊರಡುತ್ತಾರೆ. ಕನಿಷ್ಠ ಒಂದು ಮಳೆಗಾಲವನ್ನೂ, ನಾಲೆಯ ಬಯಲಿನಲ್ಲಿದ್ದರೆ ನಾಲೆ ಹರಿಯುವ ಒಂದು ಅವಧಿಯನ್ನೂ ಗಮನಿಸಿ ಬರೆದಿಟ್ಟುಕೊಳ್ಳಬೇಕೆಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ.

ಮೊದಲು, ಒದ್ದೆಯು ನಿಜಕ್ಕೂ ಹೊರಗಿನಿಂದ ಬಂದದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಕೋಣೆಯ ಬದಿಗೆ ಕಟ್ಟಿದ್ದರೆ ಅದು ಒಳಗಿನ ಗಾಳಿಯ ತೇವ; ಕಿಟಕಿ, ಫ್ಯಾನುಗಳಿಂದ ಗಾಳಿಯಾಡಿಸಿದರೆ ಪರಿಹಾರವಾಗುತ್ತದೆ. ಗೋಡೆಯ ಬದಿಗೆ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ.

ಆಮೇಲೆ ಕಾಲವನ್ನು ನೋಡಿ. ಜೋರುಮಳೆ ಬಂದ ಕೆಲವೇ ಗಂಟೆಗಳಲ್ಲಿ ಒದ್ದೆಯಾಗಿ ಎರಡು ಮೂರು ದಿನದಲ್ಲಿ ಆರಿದರೆ ಅದು ಸೂರಿನ ನೀರು ಅಥವಾ ಅಂಗಳದ ನೀರು. ಉತ್ತರೆ ಮಳೆಯಲ್ಲಿ ಶುರುವಾಗಿ ಹಸ್ತ, ಚಿತ್ತಾ ಮುಗಿದ ಮೇಲೂ ವಾರಗಟ್ಟಲೆ ಉಳಿದರೆ ನೆಲದ ನೀರಿನ ಮಟ್ಟವೇ ಏರಿದೆ ಎಂದರ್ಥ. ನಾಲೆಯ ಜೊತೆ ಬಂದು ನಾಲೆಯ ಜೊತೆ ಹೋದರೆ ಅದು ಜವಳು. ವರ್ಷವಿಡೀ ಒಂದೇ ಸಮನೆ ಒಂದೇ ಜಾಗದಲ್ಲಿ ಒದ್ದೆಯಿದ್ದರೆ ನಲ್ಲಿಯ ಪೈಪು, ಸಂಪು ಅಥವಾ ಶೌಚಗುಂಡಿಯ ಮೇಲೆ ಅನುಮಾನಪಡಬೇಕು. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಸಂಪಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಬೆಳಿಗ್ಗೆ ನೋಡಿದರೆ ಸಂಪು ಸೋರುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಒದ್ದೆಯ ಆಕಾರವೂ ಕುರುಹು ಕೊಡುತ್ತದೆ: ಗೋಡೆಯುದ್ದಕ್ಕೂ ಒಂದೇ ಎತ್ತರದಲ್ಲಿ ಅಡ್ಡಗೆರೆಯಂತೆ ನಿಂತ ಒದ್ದೆ ಅಂತರ್ಜಲದ್ದು, ಮೇಲಿನಿಂದ ನಾಲಿಗೆಯಂತೆ ಇಳಿದದ್ದು ಮೇಲ್ನೀರಿನದ್ದು.

ಇದೆಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ಒಂದು ನೋಟದ ಕೊಳವೆ. ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿ, ಪಾಯದ ಅಡಿಮಟ್ಟಕ್ಕಿಂತ ಒಂದು ಅಡಿ ಹೆಚ್ಚು ಆಳಕ್ಕೆ ಕೈ ಆಗರಿನಿಂದ ಕೊರೆದು, ಕೆಳಭಾಗಕ್ಕೆ ಗರಗಸದಿಂದ ಸೀಳು ಹಾಕಿದ ಎರಡೂವರೆ ಅಂಗುಲದ ಪಿವಿಸಿ ಪೈಪನ್ನು ಇಳಿಸಿ, ಸುತ್ತ ಸಣ್ಣ ಜಲ್ಲಿ ತುಂಬಿ, ಮೇಲೆ ಮುಚ್ಚಳ ಹಾಕಿ. ವಾರಕ್ಕೊಮ್ಮೆ ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ಅಳೆದು ಬರೆಯಿರಿ. ಪಾಯದ ಅಡಿಗಿಂತ ನೀರು ಸದಾ ಕೆಳಗೇ ಇದ್ದರೆ ನಿಮಗೆ ಬಸಿಗಾಲುವೆ ಬೇಕಿಲ್ಲ, ಮುಂದಿನ ಹೆಜ್ಜೆಯಲ್ಲೇ ಕೆಲಸ ಮುಗಿಯಬಹುದು.

ಬರಗಾಲದ ವರ್ಷಗಳ ಮಟ್ಟವನ್ನು ನೋಡಿ ನಿಶ್ಚಿಂತರಾಗಬಾರದು ಎಂಬ ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಒಣ ವರ್ಷಗಳಲ್ಲಿ ಕಟ್ಟಿದ ಮನೆಯ ಪಾಯಕ್ಕೆ ಅಂತಹ ವರ್ಷದಲ್ಲಿ ಮೊದಲ ಬಾರಿ ನೀರು ಸಿಗುತ್ತದೆ. ಅಕ್ಕಪಕ್ಕದ ಹಳೆಯ ತೆರೆದ ಬಾವಿಯ ಗೋಡೆಯಲ್ಲಿ ನೀರು ನಿಂತ ಗೆರೆ ಎಲ್ಲಿಯವರೆಗಿದೆ ಎಂದು ನೋಡಿ, ಆ ಬೀದಿಯ ಹಿರಿಯರನ್ನು ಕೇಳಿ, ಅತಿ ಹೆಚ್ಚಿನ ಮಟ್ಟವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ಹೆಜ್ಜೆ: ಮೇಲಿನ ನೀರನ್ನು ಮೇಲೆಯೇ ಕಳಿಸುವುದು

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ತಾರಸಿಯ ಮೇಲೆ 50 ಮಿ.ಮೀ. ಮಳೆಯಾದರೆ 5,000 ಲೀಟರ್, ಅಂದರೆ ಒಂದು ಟ್ಯಾಂಕರ್ ನೀರು. ತಾರಸಿಯ ಪೈಪುಗಳು ಗೋಡೆಯ ಬುಡದಲ್ಲೇ ಬಾಯಿ ತೆರೆದಿದ್ದರೆ ಅಷ್ಟೂ ನೀರನ್ನು ನಾವೇ ಕೈಯಾರೆ ಪಾಯಕ್ಕೆ ಸುರಿದಂತಾಗುತ್ತದೆ. ಆ ಪೈಪುಗಳನ್ನು ತೂತಿಲ್ಲದ ಪೈಪಿನಲ್ಲಿ ರಸ್ತೆಯ ಚರಂಡಿಗೋ ಮಳೆನೀರಿನ ತೊಟ್ಟಿಗೋ ಮುಟ್ಟಿಸಿ. ಇಂಗುಗುಂಡಿ ಒಳ್ಳೆಯದೇ, ಆದರೆ ನೆಲಮಾಳಿಗೆಯ ಗೋಡೆಯಿಂದ ಕನಿಷ್ಠ ಐದು ಮೀಟರ್ ದೂರವಿರಲಿ. ಎರೆಮಣ್ಣಿನಲ್ಲಿ ಅದು ಇಂಗಿಸುವುದಕ್ಕಿಂತ ತುಂಬಿಕೊಂಡು ನಿಲ್ಲುವುದೇ ಹೆಚ್ಚು.

ಮನೆಯ ಸುತ್ತಲಿನ ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು. ಜಾಗವಿದ್ದರೆ ಮೂರು ಮೀಟರಿಗೆ 15 ಸೆಂ.ಮೀ. ಇಳಿತ ಕೊಡಿ. ಮೂವತ್ತು-ನಲವತ್ತರ ಸೈಟಿನಲ್ಲಿ ಅಷ್ಟು ಜಾಗ ಸಿಗುವುದಿಲ್ಲವಾದ್ದರಿಂದ ಗೋಡೆಗೆ ತಾಗಿ ಮೂರು ಅಡಿ ಅಗಲಕ್ಕೆ ಕಾಂಕ್ರೀಟ್ ಹಾಸಿ, ಆ ಮೂರು ಅಡಿಯಲ್ಲಿ ಒಂದೂವರೆ ಅಂಗುಲದ ಇಳಿಜಾರು ಕೊಟ್ಟು, ಅಂಚಿಗೆ ಸಣ್ಣ ಚರಂಡಿ ಮಾಡಿಸಿ. ಗೋಡೆ ಮತ್ತು ಹಾಸು ಕೂಡುವ ಸಂದಿಯನ್ನು ಬಿಟುಮೆನ್ ಆಧಾರದ ಮೇಣದಿಂದ ತುಂಬಿಸಬೇಕು. ಬರೀ ಸಿಮೆಂಟ್ ತುಂಬಿದರೆ ಎರಡು ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ. ಗೋಡೆಗೆ ಅಂಟಿದಂತೆ ಹೂಗಿಡಗಳ ಪಾತಿ ಮಾಡಿ ದಿನವೂ ನೀರು ಬಿಡುವುದನ್ನು ಕೈಬಿಡಬೇಕು.

ಮೂರನೆಯ ಹೆಜ್ಜೆ: ಮಣ್ಣನ್ನು ಗುರುತಿಸುವುದು

ದಾವಣಗೆರೆ, ಹರಿಹರದ ಸುತ್ತಲಿನ ಎರೆಭೂಮಿಯೂ ಚಿತ್ರದುರ್ಗದ ಕಲ್ಲುಗುಡ್ಡದ ಇಳಿಜಾರೂ ಬಸಿಗಾಲುವೆಯ ವಿಷಯದಲ್ಲಿ ಬೇರೆ ಬೇರೆ ಕ್ರಮವನ್ನು ಕೇಳುತ್ತವೆ.

ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ನಿಮ್ಮ ಮಣ್ಣು ಎಷ್ಟು ಹಿಗ್ಗುತ್ತದೆ ಎಂಬುದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಪಾಯದ ಆಳದ ಮಣ್ಣನ್ನು ಒಣಗಿಸಿ, ಕುಟ್ಟಿ, ಸಣ್ಣ ಜರಡಿಯಲ್ಲಿ ಜಾಲಿಸಿ. ಒಂದೇ ಅಳತೆಯ ಎರಡು ನೇರ ಗಾಜಿನ ಲೋಟಗಳಿಗೆ ಎರಡೆರಡು ಚಮಚ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕಡ್ಡಿಯಿಂದ ಕಲಕಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಹಿಗ್ಗುವುದಿಲ್ಲ. ನೀರಿನ ಲೋಟದಲ್ಲಿ ಕೆಳಗೆ ಕುಳಿತ ಮಣ್ಣಿನ ಎತ್ತರ ಎಣ್ಣೆಯ ಲೋಟದ್ದಕ್ಕಿಂತ ಒಂದೂವರೆ ಪಟ್ಟು ಇದ್ದರೆ ಹಿಗ್ಗುವ ಗುಣ ಗಣನೀಯವಾಗಿದೆ ಎಂದು ತಿಳಿಯಬೇಕು. ಪ್ರಯೋಗಾಲಯದಲ್ಲಿ ಐಎಸ್ 2720ರ 40ನೆಯ ಭಾಗದಂತೆ ಮಾಡುವುದೂ ಇದೇ ಪರೀಕ್ಷೆ, ಅಳತೆ ಮಾತ್ರ ಹೆಚ್ಚು ನಿಖರ.

ಇಂತಹ ಮಣ್ಣಿನಲ್ಲಿ ನೀರು ಬಹಳ ನಿಧಾನವಾಗಿ ಹರಿಯುವುದರಿಂದ ಪೈಪಿಗೆ ಬರುವ ನೀರು ಕಡಿಮೆ, ಆದರೆ ಬಹುಕಾಲ ಬರುತ್ತಲೇ ಇರುತ್ತದೆ. ಇನ್ನೊಂದು ಅಪಾಯವೂ ಇದೆ. ಪಾಯದ ಅಡಿಯ ಎರೆಮಣ್ಣು ಒಮ್ಮೆ ಒದ್ದೆ ಒಮ್ಮೆ ಒಣ ಎಂದು ಬದಲಾಗುತ್ತಿದ್ದರೆ ಮನೆ ಒಂದು ಮೂಲೆಯಲ್ಲಿ ಏರಿ ಇನ್ನೊಂದು ಮೂಲೆಯಲ್ಲಿ ಇಳಿಯುತ್ತದೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಹಾಗಾಗಿ ಎರೆಮಣ್ಣಿನಲ್ಲಿ ಬಸಿಗಾಲುವೆ ಮನೆಯ ಒಂದೇ ಬದಿಗೆ ಇರಬಾರದು, ನಾಲ್ಕೂ ಬದಿಗೆ ಒಂದೇ ಮಟ್ಟದ ಲೆಕ್ಕದಲ್ಲಿರಬೇಕು. ನೆಲಮಾಳಿಗೆ ಇಲ್ಲದ, ಬರೀ ಪಾಯವಿರುವ ಮನೆಯ ಸುತ್ತ ಎರೆಮಣ್ಣಿನಲ್ಲಿ ಆಳದ ಬಸಿಗಾಲುವೆ ತೋಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಅಗಲವಾದ ಕಾಂಕ್ರೀಟ್ ಹಾಸು ಹಾಕಿ ಮಣ್ಣಿನ ತೇವ ಏರಿಳಿಯದಂತೆ ನೋಡಿಕೊಳ್ಳುವುದೇ ಸರಿ.

ಚಿತ್ರದುರ್ಗದಲ್ಲಿ ಬೋರ್‌ವೆಲ್ ನೀರು ನೂರಾರು ಅಡಿ ಕೆಳಗಿದ್ದರೂ ಗುಡ್ಡದ ಬದಿಯ ಮನೆಗಳ ನೆಲಮಾಳಿಗೆಗೆ ನೀರು ನುಗ್ಗುವುದುಂಟು. ಮೇಲೆ ಎರಡು ಮೂರು ಅಡಿ ಗರಸು, ಕೆಳಗೆ ನೀರು ಇಂಗದ ಬಂಡೆ. ಮಳೆಯ ನೀರು ಬಂಡೆಯ ಮೈಮೇಲೆ ಮಣ್ಣಿನೊಳಗೇ ಜಾರಿ ಬಂದು, ಬಂಡೆ ಕಡಿದು ಕಟ್ಟಿದ ಗೋಡೆಗೆ ತಾಗುತ್ತದೆ. ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಗಳಿಗೂ ಇಳಿಯುವಂತೆ ಇಳಿಜಾರಿಗೆ ತಕ್ಕ ದಾರಿ ಮಾಡಿರುವುದನ್ನು ಕಂಡವರಿಗೆ ಈ ನೀರಿನ ನಡೆ ಸುಲಭವಾಗಿ ಅರ್ಥವಾಗುತ್ತದೆ. ಇಂತಹ ಜಾಗದಲ್ಲಿ ಗೋಡೆಯ ಬುಡದಲ್ಲಿ ಕಾಯುವುದಕ್ಕಿಂತ, ಮನೆಯಿಂದ ಎರಡು ಮೂರು ಮೀಟರ್ ಮೇಲುಬದಿಗೆ ಬಂಡೆ ಸಿಗುವವರೆಗೆ ತೋಡಿ, ಅಡ್ಡಲಾಗಿ ಒಂದು ತಡೆಗಾಲುವೆ ಮಾಡಿ ನೀರನ್ನು ಮನೆಯ ಬದಿಗಳಿಂದ ಸುತ್ತಿಸಿ ಕೆಳಕ್ಕೆ ಒಯ್ಯುವುದು ಹೆಚ್ಚು ಪರಿಣಾಮಕಾರಿ. ಅದರ ರಚನೆ ಮುಂದೆ ಹೇಳುವ ಬಸಿಗಾಲುವೆಯದ್ದೇ. ಮಣ್ಣು ತಡೆಯಲು ಕಟ್ಟಿದ ಬರೀ ಕಾಂಪೌಂಡ್ ಗೋಡೆಯಾದರೆ ಒಂದೂವರೆ ಮೀಟರಿಗೊಂದರಂತೆ ನಾಲ್ಕು ಅಂಗುಲದ ನೀರುಗಂಡಿಗಳನ್ನು ಹೊರಕ್ಕೆ ಇಳಿಜಾರಾಗಿ ಬಿಟ್ಟು, ಪ್ರತಿಯೊಂದರ ಹಿಂದೆಯೂ ಒಂದು ಬುಟ್ಟಿಯಷ್ಟು ಜಲ್ಲಿ ತುಂಬಿದರೆ ಸಾಕು.

ನಾಲ್ಕನೆಯ ಹೆಜ್ಜೆ: ಹೊರದಾರಿಯನ್ನು ಮೊದಲು ಗೊತ್ತುಮಾಡುವುದು

ಪೈಪಿಗೆ ಬಂದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ತೀರ್ಮಾನವಾಗುವವರೆಗೆ ಗುದ್ದಲಿ ಹಾಕಬೇಡಿ. ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಮೆದುಪೈಪು) ಹಿಡಿದು ಪಾಯದ ಮಟ್ಟವನ್ನೂ ರಸ್ತೆಯ ಚರಂಡಿಯ ತಳವನ್ನೂ ಹೋಲಿಸಿ. ಚರಂಡಿಯ ತಳ ಪಾಯಕ್ಕಿಂತ ಕೆಳಗಿದ್ದರೆ ನೀರು ತಾನೇ ಹರಿದು ಹೋಗುತ್ತದೆ. ಚಿತ್ರದುರ್ಗದ ಇಳಿಜಾರಿನ ಸೈಟುಗಳಲ್ಲಿ ಇದು ಬಹುಮಟ್ಟಿಗೆ ಸಾಧ್ಯ. ದಾವಣಗೆರೆಯ ಸಮತಟ್ಟಿನಲ್ಲಿ ಸಾಮಾನ್ಯವಾಗಿ ಪೈಪಿನ ನೀರು ಬಂದು ಕೂಡುವ ಬಸಿಗುಂಡಿ ಮತ್ತು ಪಂಪು ಬೇಕೇ ಬೇಕು. ಯಾವ ಕಾರಣಕ್ಕೂ ಈ ನೀರನ್ನು ಒಳಚರಂಡಿಗೆ ಸೇರಿಸಬಾರದು. ಮಳೆಗಾಲದಲ್ಲಿ ಒಳಚರಂಡಿ ತುಂಬಿಕೊಂಡಾಗ ಕೊಳಚೆ ಅದೇ ಪೈಪಿನಲ್ಲಿ ಹಿಂದಕ್ಕೆ ಬಂದು ನಿಮ್ಮ ಪಾಯದ ಸುತ್ತಲೇ ಹರಡುತ್ತದೆ. ಪಕ್ಕದವರ ಸೈಟಿಗೆ ಬಿಡುವುದಂತೂ ಅನ್ಯಾಯ.

ಐದನೆಯ ಹೆಜ್ಜೆ: ಅಗೆತ

ಇಡೀ ಕೆಲಸದಲ್ಲಿ ಜೀವಕ್ಕೆ ಹೆಚ್ಚು ಅಪಾಯವಿರುವ ಹಂತ ಇದು. ಏಪ್ರಿಲ್, ಮೇ ತಿಂಗಳಲ್ಲಿ ಅಗೆಯಿರಿ, ಆದರೆ ನಿಮ್ಮ ಕಡೆ ನಾಲೆ ಹರಿಯುತ್ತಿದ್ದರೆ ನಿಲ್ಲುವವರೆಗೆ ಕಾಯಿರಿ. ಒಂದೂವರೆ ಮೀಟರಿಗಿಂತ ಆಳವಾದ ಗುಂಡಿಗೆ ಹಲಗೆ, ಅಡ್ಡಗಂಬ ಕೊಟ್ಟು ಆಸರೆ ಮಾಡದೆ ಒಳಗೆ ಯಾರನ್ನೂ ಇಳಿಸಬಾರದು. ಬೇಸಿಗೆಯ ಎರೆಮಣ್ಣು ಕಲ್ಲಿನಂತೆ ಗಟ್ಟಿಯಾಗಿ ಕಂಡರೂ ಮೇಲಿನಿಂದ ಕೆಳಗಿನವರೆಗೆ ಸೀಳು ಬಿಟ್ಟಿರುತ್ತದೆ, ಮುನ್ಸೂಚನೆಯಿಲ್ಲದೆ ಹಲಗೆಯಂತೆ ಮೈಮೇಲೆ ಬೀಳುತ್ತದೆ. ಅಗೆದ ಮಣ್ಣನ್ನು ಅಂಚಿನಿಂದ ಒಂದು ಮೀಟರ್ ಆಚೆ ಹಾಕಿ. ಜೆಸಿಬಿ ಗೋಡೆಯ ಹತ್ತಿರ ಬರದಿರಲಿ. ಕೊನೆಯ ಎರಡು ಅಡಿಯನ್ನು ಕೈಯಿಂದಲೇ ಅಗೆಸಿ.

ಗೋಡೆಯ ಬದಿಯಲ್ಲಿ ಪಾಯದ ಅಡಿಗಿಂತ ಕೆಳಗೆ ಎಂದೂ ಅಗೆಯಬೇಡಿ. ನಾಲ್ಕೂ ಬದಿಯನ್ನು ಒಮ್ಮೆಲೇ ತೆರೆಯದೆ, ಎರಡು ಮೀಟರ್ ಉದ್ದದ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ತೆರೆದು ಮುಚ್ಚುತ್ತಾ ಹೋಗಬೇಕು. ಹಳೆಯ ಮನೆಗಳ ಸೈಜುಕಲ್ಲಿನ ಪಾಯ, ಅದರಲ್ಲೂ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು, ಪಕ್ಕದ ಮಣ್ಣಿನ ಒತ್ತಾಸೆಯಿಂದಲೇ ನಿಂತಿರುತ್ತದೆ. ಅಂತಹ ಕಡೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡುವವರೆಗೆ ಒಂದು ಅಡಿಯನ್ನೂ ಅಗೆಯಬಾರದು.

ಆರನೆಯ ಹೆಜ್ಜೆ: ಗೋಡೆಯ ಹೊರಮೈ

ತೆರೆದ ಗೋಡೆಯನ್ನು ತಂತಿಬ್ರಷ್ಷಿನಿಂದ ಉಜ್ಜಿ ತೊಳೆದು, ಕಾಂಕ್ರೀಟಿನಲ್ಲಿ ಜೇನುಗೂಡಿನಂತೆ ಟೊಳ್ಳು ಬಿಟ್ಟ ಜಾಗಗಳನ್ನು ಗಟ್ಟಿ ಭಾಗ ಸಿಗುವವರೆಗೆ ಕೆತ್ತಿ, ಕುಗ್ಗದ ಗ್ರೌಟಿನಿಂದ ತುಂಬಿಸಿ. ಪಾಯ ಮತ್ತು ಗೋಡೆ ಕೂಡುವ ಒಳಮೂಲೆಯಲ್ಲಿ ಎರಡು ಅಂಗುಲದ ದುಂಡು ಗಾರೆ ಕೊಡಬೇಕು. ಚೂಪಾದ ಮೂಲೆಯಲ್ಲಿ ಯಾವ ಲೇಪನವೂ ಸರಿಯಾಗಿ ಕೂರುವುದಿಲ್ಲ, ಸೋರಿಕೆ ಹೆಚ್ಚಾಗಿ ಅಲ್ಲಿಂದಲೇ ಆರಂಭವಾಗುತ್ತದೆ. ನಂತರ ಬಿಟುಮೆನ್ ಲೇಪನವನ್ನು ಎರಡು ಕೈ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಲಾಗಿ ಬಳಿಯಿರಿ, ಅಥವಾ ಬಿಸಿಮಾಡಿ ಅಂಟಿಸುವ ಹಾಳೆಯನ್ನು ನಾಲ್ಕು ಅಂಗುಲ ಒಂದರ ಮೇಲೊಂದು ಬರುವಂತೆ ಹಾಸಿ. ಹೊರಗಿನ ಲೇಪನವನ್ನು ನೀರು ಗೋಡೆಗೇ ಒತ್ತಿ ಹಿಡಿಯುತ್ತದೆ, ಒಳಗಿನ ಲೇಪನವನ್ನು ಗೋಡೆಯಿಂದ ತಳ್ಳಿ ಕೀಳುತ್ತದೆ. ನಮ್ಮ ಮನೆಯ ಎರಡು ಸಲದ ಗಾರೆ ಬಿದ್ದುಹೋದದ್ದು ಈ ಕಾರಣದಿಂದಲೇ. ಲೇಪನ ಒಣಗಿದ ಮೇಲೆ ಮಣ್ಣು ತುಂಬುವಾಗ ಕಲ್ಲು ತಾಗಿ ಹರಿಯದಂತೆ ಉಬ್ಬುಗುಳಿಗಳ ಪ್ಲಾಸ್ಟಿಕ್ ಹಾಳೆ ಅಥವಾ ತೆಳು ಥರ್ಮಾಕೋಲ್ ಹಲಗೆಯನ್ನು ಹೊದಿಸಿ.

ಏಳನೆಯ ಹೆಜ್ಜೆ: ಪೈಪು, ಜಲ್ಲಿ, ಬಟ್ಟೆ

ಪೈಪಿನ ಮಟ್ಟವೇ ಇಲ್ಲಿ ಮುಖ್ಯ. ಪೈಪಿನ ನೆತ್ತಿ ನೆಲಮಾಳಿಗೆಯ ನೆಲದ ಕಾಂಕ್ರೀಟಿನ ಅಡಿಗಿಂತ ಕೆಳಗಿರಬೇಕು, ಪೈಪಿನ ಅಡಿ ಪಾಯದ ಅಡಿಗಿಂತ ಕೆಳಗಿಳಿಯಬಾರದು. ಇವೆರಡರ ನಡುವೆಯೇ ಇಳಿಜಾರನ್ನೂ ಕೂರಿಸಬೇಕು. ನೂರಕ್ಕೆ ಒಂದರ ಇಳಿಜಾರು ಒಳ್ಳೆಯದು. ಮನೆಯ ಸುತ್ತಳತೆ 40 ಮೀಟರ್ ಇದ್ದು, ಎತ್ತರದ ಮೂಲೆಯಿಂದ ಎರಡು ಕಡೆಗೂ ಪೈಪು ಹರಿದು ಎದುರಿನ ಮೂಲೆಯಲ್ಲಿ ಕೂಡಿದರೆ ಒಂದೊಂದು ಕವಲಿಗೆ 20 ಮೀಟರ್, ಇಳಿತ 20 ಸೆಂ.ಮೀ. ಅಷ್ಟು ಎತ್ತರ ಸಿಗದಿದ್ದರೆ ಇನ್ನೂರಕ್ಕೆ ಒಂದಕ್ಕೆ ಇಳಿಸಬಹುದು, ಆದರೆ ಆಗ ಎರಡು ಮೀಟರಿಗೊಮ್ಮೆ ಗೂಟ ಹೊಡೆದು, ದಾರ ಕಟ್ಟಿ, ಪ್ರತಿ ಗೂಟದಲ್ಲೂ ಮಟ್ಟ ನೋಡಬೇಕು. ಅಂದಾಜಿನ ಮೇಲೆ ಹಾಕಿದ ಪೈಪು ನಡುವೆ ತೂಗಿ ಬೀಳುತ್ತದೆ, ತೂಗಿದ ಕಡೆ ಕೆಸರು ಕೂರುತ್ತದೆ.

ಗುಂಡಿಯ ತಳವನ್ನು ಒಂದೂವರೆ ಅಡಿ ಅಗಲಕ್ಕೆ ಸಮ ಮಾಡಿ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ, ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಎರಡು ಬದಿಗೂ ಮೇಲಕ್ಕೆ ಬರುವಂತೆ ಹಾಸಿ. ಚದರ ಮೀಟರಿಗೆ 150ರಿಂದ 200 ಗ್ರಾಂ ತೂಗುವ ಬಟ್ಟೆ ಮನೆಯ ಕೆಲಸಕ್ಕೆ ಸಾಕು. ಇದರ ಬದಲು ಗೋಣಿತಾಟು ಹಾಕಿದರೆ ಒಂದೆರಡು ವರ್ಷಕ್ಕೆ ಕೊಳೆಯುತ್ತದೆ, ಸಿಮೆಂಟಿನ ಪ್ಲಾಸ್ಟಿಕ್ ಚೀಲ ಹಾಕಿದರೆ ನೀರೇ ಇಳಿಯದು. ಎರೆಮಣ್ಣಿನ ನುಣುಪು ಕಣಗಳು ಬಟ್ಟೆಯ ಮೇಲೆ ಕೆನೆಗಟ್ಟಿ ಮುಚ್ಚಿಬಿಡುವ ಸಂಭವವಿರುವುದರಿಂದ ಬಟ್ಟೆ ಮತ್ತು ಮಣ್ಣಿನ ನಡುವೆ ನಾಲ್ಕು ಅಂಗುಲ ದಪ್ಪಕ್ಕೆ ತೊಳೆದ ಮರಳು ಹಾಕುವುದನ್ನು ನಮ್ಮ ಕಡೆ ತಪ್ಪಿಸಬಾರದು.

ಬಟ್ಟೆಯ ಮೇಲೆ ನಾಲ್ಕು ಅಂಗುಲ 20 ಎಂಎಂ ಜಲ್ಲಿ, ಅದರ ಮೇಲೆ ನಾಲ್ಕು ಅಂಗುಲದ ಪಿವಿಸಿ ಪೈಪು. ತೂತಿನ ಪೈಪು ಸಿಗದಿದ್ದರೆ ಸೈಟಿನಲ್ಲೇ 10 ಎಂಎಂ ಬಿಟ್ಟಿನಿಂದ ನಾಲ್ಕೈದು ಅಂಗುಲಕ್ಕೊಂದರಂತೆ ಎರಡು ಸಾಲು ಕೊರೆಯಿರಿ. ಪೈಪಿನ ಬಾಯಿಯನ್ನು ಗಡಿಯಾರ ಎಂದುಕೊಂಡರೆ ಆ ಸಾಲುಗಳು 4 ಮತ್ತು 8ರ ಜಾಗದಲ್ಲಿ, ಅಂದರೆ ಕೆಳಮುಖವಾಗಿ ಬರಬೇಕು. ತೂತು ಮೇಲಿದ್ದರೆ ನೀರು ಬೇಗ ಇಳಿಯುತ್ತದೆಂದು ಕೆಲಸಗಾರರು ವಾದಿಸುವುದುಂಟು. ನೀರು ಜಲ್ಲಿಯ ತಳದಲ್ಲಿ ಸೇರಿ ಮೇಲಕ್ಕೆ ಏರುತ್ತದೆ. ಕೆಳಗಿನ ತೂತಿಗೆ ಅದು ಮೊದಲು ಸಿಗುತ್ತದೆ, ಮೇಲಿನ ತೂತಿಗೆ ಸಿಗಬೇಕಾದರೆ ಇನ್ನೂ ಮೂರು ಅಂಗುಲ ಏರಬೇಕು, ಜೊತೆಗೆ ಮೇಲಿನಿಂದ ಉದುರುವ ಪುಡಿಯೆಲ್ಲ ಪೈಪಿನೊಳಗೆ ಬೀಳುತ್ತದೆ. ಪ್ರತಿ ಮೂಲೆಯಲ್ಲೂ ಒಂದು ನೇರ ಪೈಪನ್ನು ನೆಲದ ಮಟ್ಟದವರೆಗೆ ಎಬ್ಬಿಸಿ ಮುಚ್ಚಳ ಹಾಕಿಡಿ. ಮುಂದೊಂದು ದಿನ ಕೆಸರು ತೊಳೆಯಲು ಬೇರೆ ದಾರಿಯಿರುವುದಿಲ್ಲ.

ಪೈಪಿನ ಸುತ್ತಲೂ ಮೇಲೆಯೂ ಕನಿಷ್ಠ ಆರು ಅಂಗುಲ ಜಲ್ಲಿ ತುಂಬಿ ಬಟ್ಟೆಯ ಎರಡೂ ಅಂಚುಗಳನ್ನು ಒಂದು ಅಡಿ ಒಂದರ ಮೇಲೊಂದು ಬರುವಂತೆ ಮಡಚಿ ಮುಚ್ಚಿ. ಜಲ್ಲಿಯನ್ನು ಹಾಕುವ ಮುನ್ನ ನೀರು ಹೊಡೆದು ತೊಳೆಸಲೇಬೇಕು. ಒಂದು ಬಕೆಟ್ ನೀರಿಗೆ ಎರಡು ಹಿಡಿ ಜಲ್ಲಿ ಹಾಕಿ ಕಲಕಿ ನೋಡಿ. ನೀರು ಸಿಮೆಂಟಿನ ಹಾಲಿನಂತೆ ಬೂದುಬಣ್ಣಕ್ಕೆ ತಿರುಗಿದರೆ ಆ ಕ್ರಷರ್ ಪುಡಿಯೆಲ್ಲ ಬಟ್ಟೆಯ ಒಳಮೈಗೆ ಹೋಗಿ ಕೂರುತ್ತದೆ. ಮೇಲಿನ ಅಳತೆಯ ಮನೆಗೆ, ಒಂದೂವರೆ ಅಡಿ ಅಗಲ ಮತ್ತು ಸುಮಾರು ಅಷ್ಟೇ ಎತ್ತರದ ಜಲ್ಲಿಹಾಸಿಗೆ ಹೆಚ್ಚುಕಡಿಮೆ 300 ಘನ ಅಡಿ ಜಲ್ಲಿ ಬೇಕಾಗುತ್ತದೆ.

ಎಂಟನೆಯ ಹೆಜ್ಜೆ: ಮಣ್ಣು ತುಂಬುವುದು

ತೆಗೆದ ಎರೆಮಣ್ಣನ್ನು ಮತ್ತೆ ಗೋಡೆಗೆ ತಾಗಿಸಿ ತುಂಬಬೇಡಿ. ಗೋಡೆಗೆ ತಾಗಿದ ಒಂದೂವರೆ ಎರಡು ಅಡಿಗೆ ಗರಸನ್ನು ಎಂಟು ಅಂಗುಲದ ಪದರಗಳಲ್ಲಿ ಹಾಕಿ, ಕೈ ದಿಮ್ಮಸಿನಿಂದ ಹದವಾಗಿ ಬಡಿಯಿರಿ. ಭಾರಿ ಯಂತ್ರದಿಂದ ಬಡಿದರೆ ಗೋಡೆಗೆ ಪೆಟ್ಟು. ಮೇಲಿನ ಒಂದು ಅಡಿಗೆ ನೀರು ಇಳಿಯದ ಕೆಂಪು ಜೇಡಿಮಣ್ಣನ್ನು ಹಾಕಿ ಅದರ ಮೇಲೆ ಕಾಂಕ್ರೀಟ್ ಹಾಸು ಬರಲಿ.

ಒಂಬತ್ತನೆಯ ಹೆಜ್ಜೆ: ಬಸಿಗುಂಡಿ ಮತ್ತು ಪಂಪು

ಪೈಪುಗಳು ಕೂಡುವ ಮೂಲೆಯಲ್ಲಿ, ಗೋಡೆಯಿಂದ ಎರಡು ಮೀಟರಾದರೂ ದೂರದಲ್ಲಿ, ಪೈಪಿನ ಮಟ್ಟಕ್ಕಿಂತ ಮೂರು ಅಡಿ ಆಳಕ್ಕೆ ಮೂರು ಅಡಿ ಅಗಲದ ಸಿಮೆಂಟ್ ರಿಂಗುಗಳನ್ನು ಇಳಿಸಿ ತಳಕ್ಕೆ ಕಾಂಕ್ರೀಟ್ ಹಾಕಿ. ಇಂತಹ ಗುಂಡಿಯಲ್ಲಿ ಒಂದು ಅಂಗುಲ ನೀರೆಂದರೆ ಸುಮಾರು 16 ಲೀಟರ್. ನೀರು ಹೆಚ್ಚಿರುವ ದಿನ ಗುಂಡಿಯನ್ನು ಖಾಲಿ ಮಾಡಿ, ಗಡಿಯಾರ ನೋಡುತ್ತಾ ಹತ್ತು ನಿಮಿಷಕ್ಕೆ ಎಷ್ಟು ಅಂಗುಲ ಏರಿತೆಂದು ಅಳೆಯಿರಿ. ಆರು ಅಂಗುಲ ಏರಿದರೆ ನಿಮಿಷಕ್ಕೆ ಹತ್ತು ಲೀಟರ್ ಬರುತ್ತಿದೆ. ಪಂಪು ಗುಂಡಿಯ ತಳದಿಂದ ಹೊರದಾರಿಯ ಎತ್ತರಕ್ಕೆ ಅದರ ಎರಡು ಮೂರು ಪಟ್ಟು ನೀರು ಎತ್ತುವಂತಿದ್ದರೆ ಸಾಕು. ಕೆಸರುನೀರು ಎತ್ತುವ ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಪಂಪಿಗೆ ಇದು ಹೊರೆಯೇ ಅಲ್ಲ. ಫ್ಲೋಟ್ ಸ್ವಿಚ್ಚನ್ನು ತಳದಿಂದ ಆರು ಅಂಗುಲಕ್ಕೆ ನಿಲ್ಲುವಂತೆ, ಎರಡೂವರೆ ಅಡಿಗೆ ಶುರುವಾಗುವಂತೆ ಹೊಂದಿಸಿದರೆ ಪಂಪು ಪದೇ ಪದೇ ಹೊತ್ತಿ ಆರುವುದಿಲ್ಲ. ಏರುಪೈಪಿಗೆ ನಾನ್ ರಿಟರ್ನ್ ವಾಲ್ವ್, ಪಂಪಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು) ಮತ್ತು ಅರ್ಥಿಂಗ್ ಕಡ್ಡಾಯ. ಜೋರುಮಳೆಯಲ್ಲೇ ಕರೆಂಟು ಹೋಗುವುದರಿಂದ ಇನ್ವರ್ಟರಿಗೆ ಜೋಡಿಸುವುದು ಒಳ್ಳೆಯದು. ಪಂಪು ಹೊರಡುವಾಗ ಎಳೆಯುವ ವಿದ್ಯುತ್ತು ಓಡುವಾಗಿನದರ ಹಲವು ಪಟ್ಟು ಇರುವುದರಿಂದ ಇನ್ವರ್ಟರ್ ಅದನ್ನು ತಾಳುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಬಳಿ ಮೊದಲೇ ಕೇಳಿಕೊಳ್ಳಿ.

ಹೊರಗೆ ಅಗೆಯಲು ಜಾಗವೇ ಇಲ್ಲದಿದ್ದರೆ

ಹಳೆಯ ಪೇಟೆಯ ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ಅಲ್ಲಿ ನೆಲಮಾಳಿಗೆಯ ಒಳಗಡೆಯೇ ಗೋಡೆಯುದ್ದಕ್ಕೂ ಒಂದು ಅಡಿ ಅಗಲ ನೆಲ ಕತ್ತರಿಸಿ, ಪಾಯವನ್ನು ಮುಟ್ಟದೆ, ಮೂರು ಅಂಗುಲದ ತೂತಿನ ಪೈಪು ಮತ್ತು ಜಲ್ಲಿ ಹಾಕಿ ಒಳಮೂಲೆಯ ಗುಂಡಿಗೆ ಸೇರಿಸಬೇಕು. ಗೋಡೆಯ ಒಳಮೈಗೆ ಉಬ್ಬುಗುಳಿಗಳ ಹಾಳೆಯನ್ನು ಹೊದಿಸಿದರೆ ಒಸರಿದ ನೀರು ಅದರ ಹಿಂದಿನಿಂದ ಇಳಿದು ಕಾಲುವೆ ಸೇರುತ್ತದೆ. ಗೋಡೆ ಒದ್ದೆಯಾಗುವುದು ಇದರಿಂದ ನಿಲ್ಲುವುದಿಲ್ಲ, ಆದರೆ ಕೋಣೆ ಒಣಗಿರುತ್ತದೆ, ನೆಲದಡಿಯ ಒತ್ತಡ ಇಳಿಯುತ್ತದೆ.

ಹೊಸದಾಗಿ ಕಟ್ಟುವವರಿಗೆ, ಸಂಪು ಇರುವವರಿಗೆ

ಹೊಸ ನೆಲಮಾಳಿಗೆಯಾದರೆ ತಳದ ರಾಫ್ಟು (ಇಡೀ ತಳಕ್ಕೆ ಹಾಸುವ ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಸು) ಮತ್ತು ಆರ್‌ಸಿಸಿ ಗೋಡೆಗಳನ್ನು ಒಂದೇ ಪೆಟ್ಟಿಗೆಯಂತೆ ವಿನ್ಯಾಸ ಮಾಡಿಸಿ, ಎಂ 30 ಕಾಂಕ್ರೀಟ್ ಬಳಸಿ, ರಾಫ್ಟಿನ ಮೇಲೆ ಆರು ಅಂಗುಲ ಎತ್ತರದ ಗೋಡೆಯನ್ನು ಅದರ ಜೊತೆಯಲ್ಲೇ ಎರಕ ಹೊಯ್ದು, ಆ ಎತ್ತರದಲ್ಲಿ ಬರುವ ಸಂದಿಗೆ ಪಿವಿಸಿ ವಾಟರ್‌ಸ್ಟಾಪ್ ಪಟ್ಟಿ ಹಾಕಿಸಿ. ಎಂಜಿನಿಯರ್ ಬಳಿ ನೀರಿನ ಅತಿ ಹೆಚ್ಚಿನ ಮಟ್ಟವನ್ನು ಹೇಳಿ, ಮೇಲೆತ್ತುವ ಒತ್ತಡದ ಲೆಕ್ಕವನ್ನು ಕೇಳಿ ಪಡೆಯಿರಿ. ಕಟ್ಟಡದ ಭಾರ ಆ ಒತ್ತಡವನ್ನು ಮೀರುವಷ್ಟು ಎದ್ದೇಳುವವರೆಗೆ ಸುತ್ತಲಿನ ನೀರು ಎತ್ತುವುದನ್ನು ನಿಲ್ಲಿಸಬಾರದು.

ಇದೇ ಲೆಕ್ಕ ಸಂಪಿಗೂ ಅನ್ವಯಿಸುತ್ತದೆ. ಹೊರ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ಆಳದ ಸಂಪಿನ ಸುತ್ತ ನೆಲಮಟ್ಟದವರೆಗೆ ನೀರು ನಿಂತರೆ ಅದನ್ನು 12,000 ಕೆ.ಜಿ. ಬಲ ಮೇಲಕ್ಕೆ ಎತ್ತುತ್ತದೆ. ಆರು ಅಂಗುಲದ ಆರ್‌ಸಿಸಿ ಗೋಡೆಯ ಅಂತಹ ಸಂಪು ಖಾಲಿಯಿದ್ದಾಗ ತೂಗುವುದು 10,000 ಕೆ.ಜಿ.ಯ ಆಸುಪಾಸು. ಜವಳು ಇರುವ ಕಡೆ ಮಳೆಗಾಲದಲ್ಲಾಗಲಿ ನಾಲೆ ಹರಿಯುವಾಗಲಾಗಲಿ ತೊಳೆಯಲೆಂದು ಸಂಪನ್ನು ಪೂರ್ತಿ ಖಾಲಿ ಮಾಡದೆ, ಆ ಕೆಲಸವನ್ನು ನಾಲೆ ನಿಂತ ಬೇಸಿಗೆಯ ದಿನಗಳಿಗೆ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ನಂತರದ ನಿಗಾ

ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ, ಎತ್ತರದ ಮೂಲೆಯ ಮುಚ್ಚಳ ತೆರೆದು ಮೆದುಪೈಪಿನಿಂದ ನೀರು ಬಿಟ್ಟು, ಅದು ಎಷ್ಟು ಹೊತ್ತಿಗೆ ಬಸಿಗುಂಡಿಗೆ ಬಂತೆಂದು ಬರೆದಿಡಿ. ಹೋದ ವರ್ಷಕ್ಕಿಂತ ತಡವಾಗುತ್ತಿದ್ದರೆ ಪೈಪು ಕಟ್ಟುತ್ತಿದೆ. ಮೂಲೆಗಳಿಂದ ಒತ್ತಡದ ನೀರು ಹೊಡೆಸಿ ತೊಳೆಸಿ. ತಿಂಗಳಿಗೊಮ್ಮೆ ಫ್ಲೋಟನ್ನು ಕೈಯಿಂದ ಎತ್ತಿ ಪಂಪು ಹೊರಡುತ್ತದೆಯೇ ನೋಡಿ. ನೋಟದ ಕೊಳವೆಯನ್ನು ಕಿತ್ತುಹಾಕದೆ ವಾರದ ಅಳತೆಯನ್ನು ಮುಂದುವರಿಸಿ; ಬಸಿಗಾಲುವೆ ಕೆಲಸ ಮಾಡುತ್ತಿರುವುದಕ್ಕೆ ಆ ಅಂಕಿಗಳೇ ಸಾಕ್ಷಿ.

ಮೊದಲ ಎರಡು ಮಳೆಗಾಲದಲ್ಲಿ ಗುಂಡಿಗೆ ಬರುವ ನೀರನ್ನು ಹದಿನೈದು ದಿನಕ್ಕೊಮ್ಮೆ ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ಆರಂಭದ ಕೆಲವು ದಿನ ಸ್ವಲ್ಪ ಕದಡಿರುವುದು ಸಹಜ. ತಿಂಗಳು ಕಳೆದ ಮೇಲೂ ಬಾಟಲಿಯ ತಳದಲ್ಲಿ ಮಣ್ಣು ಕಾಣುವಷ್ಟು ಕುಳಿತರೆ ಆ ಮಣ್ಣು ಪಾಯದ ಸುತ್ತಲಿಂದ, ಕೆಲವೊಮ್ಮೆ ಅದರ ಅಡಿಯಿಂದಲೇ ಕೊಚ್ಚಿ ಬರುತ್ತಿದೆ. ಆಗ ಪಂಪು ನಿಲ್ಲಿಸಿ, ಬಟ್ಟೆ ಹರಿದಿರುವ ಅಥವಾ ಮರಳಿನ ಪದರ ತಪ್ಪಿರುವ ತುಂಡನ್ನು ಹುಡುಕಿ ತೆರೆದು ಸರಿಪಡಿಸಿದ ನಂತರವೇ ಮತ್ತೆ ನೀರೆತ್ತಬೇಕು.